ಸೋಲನ್ನು ಪಾಠವಾಗಿಸಿದ ಗುರು: ರಹೀಂ ಸಾಹೇಬರು

ವಿದ್ಯಾರ್ಥಿಯೊಬ್ಬನು ಪರೀಕ್ಷೆಯಲ್ಲಿ ಅನುತ್ತೀರ್ಣನಾದರೆ ಆ ದುಃಖವು ಅವನ ಮನೆಯ ಹೊಸ್ತಿಲೊಳಗೆ ಉಳಿಯಬಹುದು. ಆದರೆ ಕಾಲ್ಚೆಂಡಾಟದ ತಂಡವೊಂದು ತನ್ನ ಊರಿನ ಬಯಲಿನಲ್ಲಿ, ತನ್ನ ಜನರ ಕಣ್ಣೆದುರಿನಲ್ಲಿ ಸೋತುಹೋದರೆ ಆ ಸೋಲಿಗೆ ಮರೆಯೆಂಬುದಿಲ್ಲ. ಪಂದ್ಯ ಮುಗಿದ ಮೇಲೆ ಆಟಗಾರನು ನಡೆಯಬೇಕಾದ ಹಾದಿ ತನ್ನವರ ನಡುವೆಯೇ ಹಾಯ್ದುಹೋಗುತ್ತದೆ. ಹಾಲಿನವನು ಕೇಳುತ್ತಾನೆ, ಅಂಗಡಿಯವನು ಕೇಳುತ್ತಾನೆ, ಮನೆಯ ಹಿರಿಯರು ಕೇಳದೆಯೇ ಮೌನದಿಂದ ಕೇಳುತ್ತಾರೆ. ಮುಂದಿನ ಪಂದ್ಯದ ಹೊತ್ತಿಗೆ ಅದೇ ಆಟಗಾರನ ಕಾಲು ಭಾರವಾಗಿರುತ್ತದೆ. ಚೆಂಡು ತನ್ನತ್ತ ಬಾರದಿರಲೆಂದು ಅವನ ಅಂತರಂಗ ಹಾರೈಸುತ್ತಿರುತ್ತದೆ. ಇಂತಹ ಕುಗ್ಗಿದ ಮನಸ್ಸುಗಳನ್ನು ಮತ್ತೆ ಎತ್ತಿ ನಿಲ್ಲಿಸುವ ವಿದ್ಯೆಯನ್ನು ಬಲ್ಲವರು ವಿರಳ. ಭಾರತದಲ್ಲಿ ಆ ವಿದ್ಯೆಯನ್ನು ಬಲ್ಲವರ ಸಾಲಿನಲ್ಲಿ ಮೊದಲ ಹೆಸರು ಸಯ್ಯದ್ ಅಬ್ದುಲ್ ರಹೀಂ ಅವರದು. ಅವರು ಮೂಲತಃ ಶಾಲಾ ಅಧ್ಯಾಪಕರೆಂಬುದು ವಿದ್ಯಾಸಂಸ್ಥೆಗಳಿಗೆಲ್ಲ ಹೆಮ್ಮೆ ತರುವ ಸಂಗತಿಯಾಗಿದೆ.

ರಹೀಂ ಅವರು ಜನಿಸಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಅಂದಿನ ನಿಜಾಮ ಸಂಸ್ಥಾನಕ್ಕೆ ಬೀದರ, ಗುಲ್ಬರ್ಗ, ರಾಯಚೂರು ಮೊದಲಾದ ಕನ್ನಡ ಜಿಲ್ಲೆಗಳೂ ಸೇರಿದ್ದವು. ಆದ್ದರಿಂದ ಆ ರಾಜಧಾನಿಯ ಬದುಕು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಕಲಾ ಪದವಿಯನ್ನು ಪಡೆದ ಅವರು ವಿದ್ಯಾರ್ಥಿದೆಸೆಯಲ್ಲಿಯೇ ಒಳ್ಳೆಯ ಆಟಗಾರರೆನಿಸಿಕೊಂಡಿದ್ದರು. ಬಳಿಕ ಅವರು ಆರಿಸಿಕೊಂಡ ವೃತ್ತಿ ಅಧ್ಯಾಪನ. ಕಾಚಿಗುಡದ ಮಾಧ್ಯಮಿಕ ಶಾಲೆ, ದಾರುಲ್ ಉಲೂಂ ಪ್ರೌಢಶಾಲೆ, ಚಾದರ್‌ಘಾಟ್ ಪ್ರೌಢಶಾಲೆ ಮೊದಲಾದೆಡೆ ಅವರು ಮಕ್ಕಳಿಗೆ ಪಾಠ ಹೇಳಿದರು. ದೈಹಿಕ ಶಿಕ್ಷಣದಲ್ಲಿಯೂ ಡಿಪ್ಲೊಮಾ ಪಡೆದು ಆಟದ ಬಯಲನ್ನೂ ತಮ್ಮ ತರಗತಿಯನ್ನಾಗಿ ಮಾಡಿಕೊಂಡರು. ಅವರು ಮುಂದೆ ಎಷ್ಟು ದೊಡ್ಡ ತಂಡಗಳ ಹೊಣೆ ಹೊತ್ತರೂ ಅವರ ರೀತಿನೀತಿ ಮಾತ್ರ ಶಾಲೆಯ ಮೇಷ್ಟರದಾಗಿಯೇ ಉಳಿಯಿತು. ಮಗುವಿನ ತಪ್ಪನ್ನು ಗುರುತಿಸುವುದು, ಅದರ ಕಾರಣವನ್ನು ಹುಡುಕುವುದು, ಆ ಕಾರಣಕ್ಕೆ ತಕ್ಕ ಅಭ್ಯಾಸವನ್ನು ಕೊಡುವುದು, ಈ ಮೂರು ಹೆಜ್ಜೆಗಳ ಕ್ರಮವನ್ನು ಅವರು ಎಂದೂ ಕೈಬಿಡಲಿಲ್ಲ.

1943ರಲ್ಲಿ ಅವರು ಹೈದರಾಬಾದು ಕಾಲ್ಚೆಂಡು ಸಂಸ್ಥೆಯ ಕಾರ್ಯದರ್ಶಿಗಳಾದರು. ಆ ಹೊಣೆಯನ್ನು ಕೊನೆಯುಸಿರಿನವರೆಗೂ ನಿರ್ವಹಿಸಿದರು. ಅಂದಿನ ದಿನಗಳಲ್ಲಿ ಭಾರತೀಯ ಆಟಗಾರನ ಹೆಮ್ಮೆಯೆಂದರೆ ಚೆಂಡನ್ನು ಕಾಲಿಗಂಟಿಸಿಕೊಂಡು ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ವಂಚಿಸಿ ಸಾಗುವ ಚಾತುರ್ಯವಾಗಿತ್ತು. ಪ್ರೇಕ್ಷಕರು ಅದಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ತಂಡವು ಅದರಿಂದ ಎಷ್ಟೋ ಸಲ ಸೋಲುತ್ತಿತ್ತು. ಇದನ್ನು ಕಂಡ ರಹೀಂ ಅವರು ಚೆಂಡನ್ನು ಹೊತ್ತು ಓಡುವುದನ್ನೇ ನಿಷೇಧಿಸಿದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ದಾಟಿಸಬೇಕು, ಇಲ್ಲವಾದರೆ ತಪ್ಪೆಣಿಕೆ. ದುರ್ಬಲವಾದ ಕಾಲಿನಿಂದಲೇ ಒದೆಯಬೇಕೆಂಬ ಸ್ಪರ್ಧೆಗಳನ್ನೂ ಅವರು ನಡೆಸಿದರು. ಸಣ್ಣ ವಯಸ್ಸಿನ ಹುಡುಗರಿಗೆಂದೇ ಪ್ರತ್ಯೇಕ ಪಂದ್ಯಗಳು ಅಲ್ಲಿ ಜರುಗಿದವು. ಶಾಲೆಯಲ್ಲಿ ಕಾಗುಣಿತ ತಿದ್ದಿಸುವ ಮೇಷ್ಟರ ತಾಳ್ಮೆಯೇ ಈ ಏರ್ಪಾಟುಗಳ ಹಿಂದೆ ಇದ್ದಿತು.

ಹೈದರಾಬಾದು ನಗರ ಪೊಲೀಸ್ ತಂಡವು ಅವರ ಕೈಯಲ್ಲಿ ಪಳಗಿದ ಮೇಲೆ 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. ಆದರೆ ರಾಜ್ಯತಂಡದ ಕಥೆ ಅಷ್ಟು ಸುಗಮವಾಗಿರಲಿಲ್ಲ. ಸಂತೋಷ್ ಟ್ರೋಫಿಯ 1949-50ರ ಅಂತಿಮ ಪಂದ್ಯದಲ್ಲಿ ಹೈದರಾಬಾದು ಕಲ್ಕತ್ತೆಯಲ್ಲಿ ಬಂಗಾಳದೆದುರು 5-0ರಿಂದ ಸೋತಿತು. ಮರುವರ್ಷ ಅದೇ ಊರಿನಲ್ಲಿ ಅದೇ ಎದುರಾಳಿಗೆ ಮತ್ತೆ ಸೋಲಾಯಿತು. ಆದರೆ ಈ ಸಲದ ಅಂತರ ಒಂದೇ ಒಂದು ಗೋಲು. ಸೋಲಿನ ಸಂಖ್ಯೆಯನ್ನು ಐದರಿಂದ ಒಂದಕ್ಕೆ ಇಳಿಸಿದ ಆ ವರ್ಷದ ದುಡಿಮೆಗೆ ಪದಕವಿರಲಿಲ್ಲ. ಆದರೂ ತಂಡದ ಏಳಿಗೆಯನ್ನು ಅಳೆಯಬಲ್ಲವರಿಗೆ ಅದರಲ್ಲಿಯೇ ಮುಂದಿನ ಗೆಲುವಿನ ಸೂಚನೆ ಕಾಣುತ್ತಿತ್ತು.

1951ರ ಮಾರ್ಚ್ ತಿಂಗಳಿನಲ್ಲಿ ದೆಹಲಿಯಲ್ಲಿ ಪ್ರಥಮ ಏಷ್ಯನ್ ಕ್ರೀಡಾಕೂಟ ನಡೆಯಿತು. ಸ್ವತಂತ್ರವಾಗಿ ನಾಲ್ಕು ವರ್ಷವೂ ತುಂಬದ ರಾಷ್ಟ್ರವು ತನ್ನ ನೆಲದಲ್ಲಿ ಏರ್ಪಡಿಸಿದ ಹಬ್ಬವದು. ಸ್ವಂತ ನೆಲದಲ್ಲಿ ಆಡುವ ತಂಡಕ್ಕೆ ಬೆಂಬಲವೂ ಹೆಚ್ಚು, ಭಾರವೂ ಹೆಚ್ಚು. ರಹೀಂ ಅವರ ಮಾರ್ಗದರ್ಶನದಲ್ಲಿ, ಶೈಲೇನ್ ಮನ್ನಾ ಅವರ ನಾಯಕತ್ವದಲ್ಲಿ ಆಡಿದ ಭಾರತ ಅಂತಿಮ ಪಂದ್ಯದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಸ್ವರ್ಣಪದಕವನ್ನು ಪಡೆಯಿತು. ಏಕೈಕ ಗೋಲನ್ನು ಹೊಡೆದವರು ಸಾಹು ಮೇವಾಲಾಲ್. ಆ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಅವರೂ ಇದ್ದರೆಂಬುದನ್ನು ಕನ್ನಡನಾಡು ಮರೆಯಲಾಗದು.

ಮರುವರ್ಷವೇ ಆಘಾತ ಬಂದೆರಗಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯ ತಂಡವು ಭಾರತವನ್ನು 10-1ರಿಂದ ಮಣಿಸಿತು. ಆ ಒಂದು ಗೋಲನ್ನು ಗಳಿಸಿದವರು ಅದೇ ಅಹಮದ್ ಖಾನ್, ಅದೂ ಪಂದ್ಯದ ಕೊನೆಯ ಗಳಿಗೆಯಲ್ಲಿ. ಹತ್ತು ಗೋಲುಗಳನ್ನು ಬಿಟ್ಟುಕೊಟ್ಟ ಮೇಲೂ ಹನ್ನೊಂದನೆಯದಕ್ಕೆ ಕಾದು ನಿಲ್ಲದೆ ಎದುರಾಳಿಯ ಗೋಲಿನತ್ತ ನುಗ್ಗಿದ ಆ ಬೆಂಗಳೂರಿಗನ ಧೃತಿ ಅಂಕಪಟ್ಟಿಯಲ್ಲಿ ಒಂದು ಸಣ್ಣ ಅಂಕೆಯಾಗಿ ಉಳಿದಿದೆ. ಆದರೆ ತಾಯ್ನಾಡಿನಲ್ಲಿ ಜನರ ಬಾಯಲ್ಲಿ ಉಳಿದದ್ದು ಹತ್ತೆಂಬ ಸಂಖ್ಯೆ ಮಾತ್ರ. ದೆಹಲಿಯ ಸ್ವರ್ಣವನ್ನು ಹದಿನಾರು ತಿಂಗಳಲ್ಲಿ ಜನ ಮರೆತರು.

ಸೋತ ತಂಡಕ್ಕೆ ಎರಡು ಅಪಾಯಗಳುಂಟು. ಒಂದು, ಎಲ್ಲ ಪಾಪವನ್ನೂ ಒಬ್ಬನ ತಲೆಗೆ ಕಟ್ಟುವುದು. ಮತ್ತೊಂದು, ಹಣೆಬರಹವೆಂದು ಕೈಚೆಲ್ಲಿ ಕುಳಿತುಕೊಳ್ಳುವುದು. ಮೊದಲನೆಯದಕ್ಕೆ ಜಗತ್ತಿನಲ್ಲಿ ಪ್ರಸಿದ್ಧವಾದ ನಿದರ್ಶನ ಬ್ರೆಜಿಲ್ ದೇಶದ್ದು. 1950ರ ಜುಲೈ 16ರಂದು ರಿಯೋ ನಗರದ ಮರಕಾನಾ ಕ್ರೀಡಾಂಗಣದಲ್ಲಿ, ಲಕ್ಷಾಂತರ ಸ್ವದೇಶೀಯರ ಎದುರಿನಲ್ಲಿ, ಬ್ರೆಜಿಲ್ ತಂಡವು ಉರುಗ್ವೆಗೆ 2-1ರಿಂದ ಸೋತು ವಿಶ್ವಕಪ್ಪನ್ನು ಕಳೆದುಕೊಂಡಿತು. ಆ ಸೋಲಿನ ಅಪಖ್ಯಾತಿ ಗೋಲುರಕ್ಷಕ ಬಾರ್ಬೋಸಾ ಅವರಿಗೆ ಅಂಟಿತು. 2000ದಲ್ಲಿ ಅವರು ತೀರಿಕೊಳ್ಳುವವರೆಗೂ, ಅರ್ಧ ಶತಮಾನದ ಕಾಲ, ಅದು ಅವರನ್ನು ಬಿಡಲಿಲ್ಲ. ತಂಡವು ಅಂದು ಧರಿಸಿದ್ದ ಬಿಳಿಯ ಅಂಗಿಯನ್ನೇ ಅಶುಭವೆಂಬಂತೆ ತೊರೆದು ಹಳದಿಯ ಅಂಗಿಯನ್ನು ತೊಟ್ಟಿತು. ಅಂಗಿಯನ್ನು ಬದಲಾಯಿಸುವುದು ಸುಲಭ. ಒಬ್ಬ ಮನುಷ್ಯನ ಬಾಳಿಗೆ ಮೆತ್ತಿದ ಕಳಂಕವನ್ನು ತೊಳೆಯುವುದು ಸುಲಭವಲ್ಲ.

ಹೆಲ್ಸಿಂಕಿಯ ಬಳಿಕ ಭಾರತದ ಕಾಲ್ಚೆಂಡಾಟ ಈ ಎರಡು ಹಾದಿಗಳನ್ನೂ ಬಿಟ್ಟು ಮೂರನೆಯದನ್ನು ಹಿಡಿಯಿತು. ಸೋಲಿನ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಲಾಯಿತು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಉತ್ತರದ ತಂಪು ನೆಲ ಅದಕ್ಕೆ ಒಗ್ಗಲಿಲ್ಲ. ಅಖಿಲ ಭಾರತ ಸಂಸ್ಥೆಯು ಬೂಟುಗಳನ್ನು ಕಡ್ಡಾಯಗೊಳಿಸಿತು. ಚೆಂಡನ್ನು ದಾಟಿಸುವ ವೇಗ, ಮುಂಪಂಕ್ತಿಯ ಜೋಡಣೆ, ದೇಹದ ತಾಳಿಕೆ ಇವೆಲ್ಲವೂ ರಹೀಂ ಅವರ ಕಣ್ಣಿಗೆ ಪಾಠದ ವಿಷಯಗಳಾದವು. ಯೂರೋಪಿನ ಶ್ರೇಷ್ಠ ತಂಡಗಳು ಆಡುತ್ತಿದ್ದ ಬಗೆಯನ್ನು ಅಭ್ಯಸಿಸಿ, ನಮ್ಮ ಹುಡುಗರ ದೇಹಪ್ರಕೃತಿಗೆ ಒಗ್ಗುವಂತೆ ಅದನ್ನು ಅವರು ಅಳವಡಿಸಿದರು. ಕಾರಣ ಗೊತ್ತಾದ ಸೋಲು ಮನಸ್ಸನ್ನು ಅಷ್ಟಾಗಿ ಕೊರೆಯುವುದಿಲ್ಲ. ಕಾರಣ ತಿಳಿಯದ ಸೋಲು ಒಳಗೊಳಗೇ ಹುಳುವಿನಂತೆ ತಿನ್ನುತ್ತದೆ. ಈ ಸತ್ಯವನ್ನು ಅವರ ಕಾರ್ಯವಿಧಾನವೇ ಸಾರುತ್ತಿತ್ತು.

ಫಲ ಕಂಡದ್ದು ನಾಲ್ಕು ವರ್ಷಗಳ ಅನಂತರ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತವು ಆತಿಥೇಯ ಆಸ್ಟ್ರೇಲಿಯವನ್ನು ಅದರ ಜನರೆದುರಿನಲ್ಲಿಯೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲುಗಳನ್ನು ಹೊಡೆದರು; ಒಲಿಂಪಿಕ್ಸ್‌ನಲ್ಲಿ ಆ ಸಾಧನೆ ಮಾಡಿದ ಮೊದಲ ಏಷ್ಯನ್ ಆಟಗಾರ ಅವರೇ. ಅದೇ ತಿಂಗಳು ಸಿಡ್ನಿಯಲ್ಲಿ ಉಭಯ ತಂಡಗಳು ಸೌಹಾರ್ದ ಪಂದ್ಯದಲ್ಲಿ ಮತ್ತೆ ಎದುರಾದಾಗ ಆಸ್ಟ್ರೇಲಿಯ ಸೋತದ್ದು 7-1ರಿಂದ. ಮನೆಯಂಗಳದಲ್ಲಿ ಒಮ್ಮೆ ಸೋತ ತಂಡವು ಮರುಬಾರಿ ಇನ್ನೂ ಕುಸಿಯಬಹುದೆಂಬುದಕ್ಕೆ ಆ ಎರಡು ಅಂಕಪಟ್ಟಿಗಳೇ ಸಾಕ್ಷಿ. ಭಾರತವು ಆ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆಯಿತು. ಬೆಂಗಳೂರಿನ ಕೆಂಪಯ್ಯನವರು ಆ ತಂಡದ ಒಂದು ಆಧಾರಸ್ತಂಭವಾಗಿದ್ದರು. ಹೈದರಾಬಾದಿಗೂ ಕಾಯುವಿಕೆಯ ಫಲ ಸಿಕ್ಕಿತು. 1956-57 ಮತ್ತು 1957-58ರಲ್ಲಿ ಆ ರಾಜ್ಯ ಸತತವಾಗಿ ಸಂತೋಷ್ ಟ್ರೋಫಿಯನ್ನು ಎತ್ತಿಹಿಡಿಯಿತು. ಎರಡನೆಯ ಗೆಲುವು ಹೈದರಾಬಾದಿನಲ್ಲಿಯೇ, ತನ್ನ ಜನರ ನಡುವೆ ಒಲಿದದ್ದು.

ಆದರೆ ತಾಯ್ನೆಲದ ಸೋಲು ಭಾರತ ತಂಡಕ್ಕೂ ತಪ್ಪಲಿಲ್ಲ. 1959ರ ಡಿಸೆಂಬರ್ ತಿಂಗಳಿನಲ್ಲಿ ಏಷ್ಯಾ ಕಪ್ಪಿನ ಪಶ್ಚಿಮ ವಲಯದ ಅರ್ಹತಾ ಪಂದ್ಯಗಳು ಕೇರಳದ ಕೊಚ್ಚಿಯಲ್ಲಿ ಜರುಗಿದವು. ಇಸ್ರೇಲ್, ಇರಾನ್, ಪಾಕಿಸ್ತಾನ ಮತ್ತು ಭಾರತ ಈ ನಾಲ್ಕು ತಂಡಗಳಲ್ಲಿ ಆತಿಥೇಯ ಭಾರತಕ್ಕೆ ದೊರೆತದ್ದು ಕಟ್ಟಕಡೆಯ ಸ್ಥಾನ. ಮೂರು ವರ್ಷಗಳ ಹಿಂದೆ ಒಲಿಂಪಿಕ್ಸ್‌ನ ಉಪಾಂತ್ಯ ತಲುಪಿದ್ದ ರಾಷ್ಟ್ರ ತನ್ನ ಮನೆಗೆ ಬಂದ ಅತಿಥಿಗಳೆದುರು ಹೀಗೆ ಹಿಂದುಳಿಯಿತು. ಪರದೇಶದಲ್ಲಿ ಸೋತರೆ ಹವೆ, ನೆಲ, ಆಹಾರಗಳ ಮೇಲೆ ಹೊರೆ ಹೊರಿಸಬಹುದು. ಕೊಚ್ಚಿಯಲ್ಲಿ ಅಂತಹ ಯಾವ ನೆಪವೂ ಇರಲಿಲ್ಲ. ನೆಪವಿಲ್ಲದ ಸೋಲೇ ಮನೋಬಲಕ್ಕೆ ತಗಲುವ ಅತ್ಯಂತ ಆಳವಾದ ಗಾಯ.

ಆ ಗಾಯ ಮಾಯುವ ಮೊದಲೇ ರೋಮ್ ಒಲಿಂಪಿಕ್ಸ್ ಎದುರಾಯಿತು. 1960ರ ಏಪ್ರಿಲ್ ತಿಂಗಳಲ್ಲಿ ಇಂಡೊನೇಷ್ಯವನ್ನು ಕಲ್ಕತ್ತೆಯಲ್ಲಿ 4-2ರಿಂದ, ಬಳಿಕ ಜಕಾರ್ತದಲ್ಲಿ 2-0ಯಿಂದ ಸೋಲಿಸಿ ಭಾರತ ಅರ್ಹತೆ ಗಳಿಸಿತು. ರೋಮಿಗೆ ಹೋದ ತಂಡದ ಹೊಣೆ ರಹೀಂ ಅವರದು, ನಾಯಕರು ಪಿ. ಕೆ. ಬ್ಯಾನರ್ಜಿ. ಕೆಂಪಯ್ಯನವರೂ, ರಹೀಂ ಅವರ ಪುತ್ರ ಎಸ್. ಎಸ್. ಹಕೀಂ ಅವರೂ ಆ ತಂಡದಲ್ಲಿದ್ದರು. ಹಂಗೆರಿಯೆದುರು 2-1ರ ಸೋಲು, ಫ್ರಾನ್ಸಿನೊಡನೆ 1-1ರ ಸಮಬಲ, ಪೆರುವಿನೆದುರು 3-1ರ ಸೋಲು. ಹೀಗೆ ಭಾರತ ಮೊದಲ ಸುತ್ತಿನಲ್ಲಿಯೇ ಹೊರಬಿದ್ದಿತು. ಆದರೆ ಎಂಟು ವರ್ಷಗಳ ಹಿಂದೆ ಹತ್ತು ಗೋಲುಗಳನ್ನು ಬಿಟ್ಟುಕೊಟ್ಟ ರಾಷ್ಟ್ರವು ಅಂದು ಹಂಗೆರಿಯಂತಹ ಬಲಾಢ್ಯ ತಂಡವನ್ನು ಒಂದೇ ಗೋಲಿನ ಅಂತರದಲ್ಲಿ ತಡೆದು ನಿಲ್ಲಿಸಿತು. ಫ್ರಾನ್ಸನ್ನು ಗೆಲ್ಲುವ ಅಂಚಿಗೆ ಬಂದಿತು. ಕೊಚ್ಚಿಯಲ್ಲಿ ಬಾಗಿದ ತಲೆ ಎಂಟೇ ತಿಂಗಳಲ್ಲಿ ಮತ್ತೆ ನೆಟ್ಟಗಾಗಿತ್ತು.

ರಹೀಂ ಅವರ ಬಾಳಿನ ಶಿಖರವೆಂದರೆ 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟ. ಅಷ್ಟರಲ್ಲಿ ಶ್ವಾಸಕೋಶದ ಅರ್ಬುದರೋಗ ಅವರ ದೇಹವನ್ನು ಹಿಂಡುತ್ತಿದ್ದಿತು. ಮೊದಲ ಪಂದ್ಯದಲ್ಲಿಯೇ ಭಾರತವು ದಕ್ಷಿಣ ಕೊರಿಯಕ್ಕೆ 2-0ಯಿಂದ ಸೋತಿತು. ಜೊತೆಗೆ ಮತ್ತೊಂದು ಸಂಕಟ ಒದಗಿತು. ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕೂಟದಿಂದ ಹೊರಗಿಟ್ಟುದನ್ನು ಭಾರತೀಯ ಕ್ರೀಡಾಧುರೀಣ ಜಿ. ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಇಂಡೊನೇಷ್ಯದ ಜನ ಕೆರಳಿದ್ದರು. ಭಾರತೀಯ ಆಟಗಾರರು ಬಯಲಿಗಿಳಿದರೆ ಕೂಗಾಟ, ಹೀಯಾಳಿಕೆ. ಈ ನಡುವೆ ತಂಡದ ರಕ್ಷಕ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಬೇಕಾಯಿತು.

ಸೋಲು, ದ್ವೇಷ, ಗಾಯ, ಗುರುವಿನ ರೋಗ ಇವೆಲ್ಲವೂ ಒಟ್ಟಿಗೆ ಬಂದಾಗ ರಹೀಂ ಅವರು ಕೈಗೊಂಡ ಕ್ರಮ ಗಮನಾರ್ಹವಾದುದು. ಥಾಯ್ಲೆಂಡನ್ನು 4-1ರಿಂದ, ಜಪಾನನ್ನು 2-0ಯಿಂದ, ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮನ್ನು 3-2ರಿಂದ ತಂಡ ಗೆದ್ದಿತು. ಗಾಯಾಳು ಜರ್ನೈಲರನ್ನು ಅವರು ರಕ್ಷಣಾಪಂಕ್ತಿಯಿಂದ ತೆಗೆದು ಮುಂಪಂಕ್ತಿಯ ನಡುವೆ ನಿಲ್ಲಿಸಿದರು. ಜ್ವರದಿಂದ ಬಳಲಿದ್ದ ಗೋಲುರಕ್ಷಕ ಪೀಟರ್ ತಂಗರಾಜ್ ಅವರನ್ನು ಅಂತಿಮ ಪಂದ್ಯಕ್ಕೆ ಮರಳಿ ಕರೆತಂದರು. ಗಾಯವನ್ನಾಗಲಿ ಹಿಂದಿನ ಸೋಲನ್ನಾಗಲಿ ನೆನೆದು ಕೊರಗಲು ಯಾರಿಗೂ ಬಿಡುವಿಲ್ಲದಂತೆ ಪ್ರತಿಯೊಬ್ಬನಿಗೂ ಒಂದು ಸ್ಪಷ್ಟವಾದ ಕೆಲಸವನ್ನು ಒಪ್ಪಿಸಿದರು. ಅಂತಿಮ ಪಂದ್ಯದ ಹಿಂದಿನ ರಾತ್ರಿ ಅವರು ತಮ್ಮ ಹುಡುಗರನ್ನು ಹತ್ತಿರ ಕರೆದು, ತಮಗೆ ಸ್ವರ್ಣಪದಕವೊಂದನ್ನು ಕಾಣಿಕೆಯಾಗಿ ಕೊಡಬೇಕೆಂದು ಬೇಡಿದರೆಂದು ಆ ತಂಡದವರು ಮುಂದೆ ನೆನೆದುಕೊಂಡಿದ್ದಾರೆ. ಗುರು ಶಿಷ್ಯರಲ್ಲಿ ಬೇಡಿದ ಆ ದಕ್ಷಿಣೆಯಲ್ಲಿ ಗದರಿಕೆಯಿರಲಿಲ್ಲ, ಹಳೆಯ ಸೋಲಿನ ಲೆಕ್ಕವೂ ಇರಲಿಲ್ಲ.

1962ರ ಸೆಪ್ಟೆಂಬರ್ 4ರಂದು, ಸುಮಾರು ಒಂದು ಲಕ್ಷ ಮಂದಿ ಪ್ರತಿಕೂಲ ಪ್ರೇಕ್ಷಕರ ನಡುವೆ, ಭಾರತವು ಮತ್ತೆ ಅದೇ ದಕ್ಷಿಣ ಕೊರಿಯದೆದುರು ನಿಂತಿತು. ಪಿ. ಕೆ. ಬ್ಯಾನರ್ಜಿ ಮೊದಲ ಗೋಲನ್ನು ಹೊಡೆದರು. ಕೆಲವೇ ನಿಮಿಷಗಳಲ್ಲಿ ತಲೆಗೆ ಕಟ್ಟು ಕಟ್ಟಿಕೊಂಡಿದ್ದ ಜರ್ನೈಲ್ ಎರಡನೆಯದನ್ನು ಗಳಿಸಿದರು. ಕೊರಿಯ ಕಡೆಗಾಲದಲ್ಲಿ ಒಂದನ್ನು ಮಾತ್ರ ತೀರಿಸಿತು. ಚುನಿ ಗೋಸ್ವಾಮಿಯವರ ನಾಯಕತ್ವದ ಆ ತಂಡ 2-1ರಿಂದ ಗೆದ್ದು ಸ್ವರ್ಣವನ್ನು ಗುರುವಿಗೆ ಅರ್ಪಿಸಿತು. ಬೆಂಗಳೂರಿನ ಅರುಮೈನಾಯಗಂ ಅವರೂ ಆ ವಿಜಯೀ ಬಳಗದವರೇ. ಅಂದಿನಿಂದ ಇಂದಿನವರೆಗೆ ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಾಟದಲ್ಲಿ ಭಾರತಕ್ಕೆ ಮತ್ತೊಂದು ಸ್ವರ್ಣ ದೊರೆತಿಲ್ಲ. ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು ರಹೀಂ ಸಾಹೇಬರು ಇಹಲೋಕವನ್ನು ತ್ಯಜಿಸಿದರು. ಅವರ ವಯಸ್ಸು ಆಗ ಐವತ್ತಮೂರು. ದಶಕಗಳ ಕಾಲ ಅವರ ಹೆಸರು ಆಟದ ವಲಯದ ಹೊರಗೆ ಹೆಚ್ಚಾಗಿ ಕೇಳಿಬರಲಿಲ್ಲ. 2024ರಲ್ಲಿ ಅವರ ಬಾಳನ್ನು ಕುರಿತ ಹಿಂದೀ ಚಲನಚಿತ್ರವೊಂದು ತೆರೆಕಂಡ ಮೇಲೆ ಹೊಸ ಪೀಳಿಗೆಗೂ ಅವರ ಪರಿಚಯವಾಯಿತು.

ರಹೀಂ ಅವರು ಅಸ್ತಂಗತರಾದ ಆ ಸಾಲಿನಲ್ಲಿಯೇ ನಮ್ಮ ನಾಡಿಗೂ ಒಂದು ಕಹಿಯಾದ ಅನುಭವವಾಗಿತ್ತು. 1946-47 ಮತ್ತು 1952-53ರಲ್ಲಿ ಬೆಂಗಳೂರಿನಲ್ಲಿಯೇ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿ ಗೆದ್ದಿದ್ದ ಮೈಸೂರು ತಂಡ, 1962-63ರ ಅಂತಿಮ ಪಂದ್ಯದಲ್ಲಿ ಅದೇ ಬೆಂಗಳೂರಿನಲ್ಲಿ ಅದೇ ಬಂಗಾಳಕ್ಕೆ 2-0ಯಿಂದ ಸೋತಿತು. ಎರಡು ಬಾರಿ ಜಯಘೋಷ ಮಾಡಿದ್ದ ಊರು ಮೂರನೆಯ ಬಾರಿ ಮೌನವಾಗಿ ಮನೆಗೆ ನಡೆಯಿತು. ಆ ಮೌನವನ್ನು ಮುರಿಯಲು ಐದು ವರ್ಷಗಳು ಬೇಕಾದವು. 1967-68ರಲ್ಲಿ ಕಟಕ್‌ನಲ್ಲಿ ಬಂಗಾಳವನ್ನು 1-0ಯಿಂದ ಸೋಲಿಸಿದ ಮೈಸೂರು, 1968-69ರಲ್ಲಿ ಬೆಂಗಳೂರಿನಲ್ಲಿ, ಮೊದಲ ಪಂದ್ಯ ಸಮವಾದ ಮೇಲೆ ಮರುಪಂದ್ಯದಲ್ಲಿ ಮತ್ತೆ 1-0ಯಿಂದ ಬಂಗಾಳವನ್ನು ಜಯಿಸಿತು. ಸೋತ ನೆಲದಲ್ಲಿಯೇ, ಸೋಲಿಸಿದವರನ್ನೇ ಎದುರಿಸಿ ಗೆದ್ದ ಆ ಸಂತೋಷಕ್ಕೆ ಸಾಟಿಯಿಲ್ಲ. ಅನಂತರ ಕರ್ನಾಟಕವೆಂಬ ಹೆಸರಿನಲ್ಲಿ ಆ ಟ್ರೋಫಿ ನಮಗೆ ದೊರೆತದ್ದು ಐವತ್ತನಾಲ್ಕು ವರ್ಷಗಳ ಬಳಿಕ, 2023ರ ಮಾರ್ಚ್ ತಿಂಗಳಿನಲ್ಲಿ, ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ.

ಬೆಂಗಳೂರಿನ ಕಾಲ್ಚೆಂಡಾಟವನ್ನು ಬೆಳೆಸಿದುದರಲ್ಲಿ ಕಾರ್ಖಾನೆಗಳ ಪಾಲು ಹಿರಿದಾದುದು. 1977ರಲ್ಲಿ ನಡೆದ ಪ್ರಥಮ ಫೆಡರೇಷನ್ ಕಪ್ಪನ್ನು ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಗೆದ್ದುಕೊಂಡದ್ದು ನಮ್ಮ ಐ. ಟಿ. ಐ. ಕಾರ್ಖಾನೆಯ ತಂಡ. ಹೊಸೂರು ರಸ್ತೆಯ ಬೊಮ್ಮಸಂದ್ರವೂ ಇಂದು ಕಾರ್ಖಾನೆಗಳ ಊರು. ಆನೇಕಲ್ ತಾಲ್ಲೂಕಿನ ರಾಗಿಯ ಹೊಲಗಳಿದ್ದ ನೆಲದಲ್ಲಿ ಯಂತ್ರಗಳ ಸದ್ದು ತುಂಬಿದೆ; 2025ರಲ್ಲಿ ಮೆಟ್ರೋ ರೈಲೂ ಇಲ್ಲಿಯವರೆಗೆ ಬಂದಿದೆ. ನಾನಾ ಕಡೆಗಳಿಂದ ದುಡಿಯಲು ಬಂದವರ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಒಟ್ಟಿಗೆ ಕಲಿಯುತ್ತಾರೆ. ಅವರಿಗೆ ಊರೆಂದರೆ ತಮ್ಮ ಶಾಲೆಯೇ, ಶಾಲೆಯ ಬಯಲೇ ಮನೆಯಂಗಳ. ಆ ಬಯಲಿನಲ್ಲಿ ಪಕ್ಕದ ಶಾಲೆಯವರೆದುರು ಐದಾರು ಗೋಲುಗಳಿಂದ ಸೋತ ಹುಡುಗನು ಮರುದಿನದ ತರಗತಿಯಲ್ಲಿ ತಲೆಯೆತ್ತಲು ಅಳುಕುತ್ತಾನೆ. ದೊಡ್ಡವರಿಗೆ ಅದು ಮಕ್ಕಳಾಟವೆನಿಸಬಹುದು. ಅವನ ಪಾಲಿಗೆ ಅದು ಕೊಚ್ಚಿಯೇ, ಹೆಲ್ಸಿಂಕಿಯೇ.

ಅಂತಹ ಗಳಿಗೆಯಲ್ಲಿ ಅಧ್ಯಾಪಕರು ಆಡುವ ಮೊದಲ ಮಾತು ಬಹುಕಾಲ ನಿಲ್ಲುತ್ತದೆ. ಗೋಲು ಬಿಟ್ಟವನು ಯಾರೆಂದು ಕೇಳುವುದಕ್ಕಿಂತ ಗೋಲು ಹೇಗಾಯಿತೆಂದು ಕೇಳುವುದು ಲೇಸು. ಆ ಪ್ರಶ್ನೆಯಿಂದ ಹುಡುಗನ ಮನಸ್ಸು ನಾಚಿಕೆಯಿಂದ ಬಿಡುಗಡೆಗೊಂಡು ಆಟದತ್ತ ತಿರುಗುತ್ತದೆ. ಕಾರಣ ತಿಳಿದ ಮೇಲೆ ಮರುದಿನ ಬೆಳಿಗ್ಗೆಯ ಅಭ್ಯಾಸಕ್ಕೆ ಗುರಿಯೊಂದು ಸಿಗುತ್ತದೆ. ಇದಕ್ಕೆ ಬೇಕಾದ ಸಾಧನಗಳು ಹೆಚ್ಚಿನವಲ್ಲ; ಬಯಲೊಂದು, ಒಂದಿಷ್ಟು ಚೆಂಡುಗಳು, ಕಾಲಿಗೆ ಬೂಟುಗಳು, ಬಿಡುವು ಮಾಡಿಕೊಂಡು ನಿಲ್ಲುವ ಒಬ್ಬ ಮೇಷ್ಟರು. ನೆಲದ ಬೆಲೆ ಗಗನಕ್ಕೇರಿರುವ ಈ ಸೀಮೆಯಲ್ಲಿ ಶಾಲೆಯ ಬಯಲನ್ನು ಕಟ್ಟಡಕ್ಕೆ ಬಲಿಗೊಡದೆ ಉಳಿಸುವುದು ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಮಾಡಬಹುದಾದ ದೊಡ್ಡ ಉಪಕಾರ. ಸೋಲಲು ಬಯಲಿಲ್ಲದ ಮಕ್ಕಳಿಗೆ ಸೋಲಿನಿಂದ ಏಳುವುದನ್ನು ಕಲಿಸುವ ಬೇರೊಂದು ತರಗತಿಯನ್ನು ಇನ್ನೂ ಯಾರೂ ಕಟ್ಟಿಲ್ಲ.

ರಹೀಂ ಸಾಹೇಬರು ಗಳಿಸಿದ ಆಸ್ತಿ ಅಲ್ಪ, ಬಿಟ್ಟುಹೋದ ಬರವಣಿಗೆಯೂ ಅಲ್ಪ. ಅವರ ಕೈಯಲ್ಲಿ ಪಳಗಿದ ಆಟಗಾರರೇ ಅವರ ಗ್ರಂಥಗಳು. ಹೆಲ್ಸಿಂಕಿಯ ಹತ್ತು ಗೋಲುಗಳಿಂದ ಜಕಾರ್ತದ ಸ್ವರ್ಣದವರೆಗಿನ ಹತ್ತು ವರ್ಷಗಳ ಹಾದಿಯನ್ನು ಅವರು ದಿನದಿನದ ಅಭ್ಯಾಸದಿಂದಲೇ ಕ್ರಮಿಸಿದರು. ಆ ಹಾದಿಯ ಮೊದಲ ಮೈಲಿಗಲ್ಲು ಒಂದು ಸಾಮಾನ್ಯ ಶಾಲೆಯ ಅಂಗಳದಲ್ಲಿತ್ತು.